ಪೂರ್ತಿ ಮಾಲೀಕ

"ನಾನೊಂದು ಕಂಪನಿ ಅಂತ ಮಾಡಿದ ದಿನ ನೀನೇ ಅದಕ್ಕೆ ಮಾಲೀಕ ಕಣೋ," ಎಂದು ಅಣ್ಣ ಹಿಂದೆ ಮಾತು ಕೊಟ್ಟಿದ್ದ.

ಅಂದಿನಿಂದ ಹೋಟೆಲುಗಳಲ್ಲಿ ಕರಿದುಳಿದ ಎಣ್ಣೆಯನ್ನು ತಂದು, ಸೋಸಿ, ಹೊಸದಕ್ಕೆ ಬೆರೆಸುವ ಕೆಲಸ ತಮ್ಮನದು. ಎಷ್ಟು ತಿಕ್ಕಿದರೂ ಕಮಟು ಹೋಗದ ಆ ಕೈಯಿಂದ ಮಗಳು ತುತ್ತು ತಿನ್ನುತ್ತಿರಲಿಲ್ಲ. ಮಾಲೀಕನಾದ ದಿನವೇ ಈ ಹೊಲಸು ನಿಲ್ಲಿಸಬೇಕೆಂದುಕೊಂಡಿದ್ದ.

ಇವತ್ತು ಆಡಿಟರ್ ಮುಂದೆ ಕಂಪನಿಯ ಮಾಲೀಕತ್ವದ ಪತ್ರಕ್ಕೆ ಅವನು ಸಹಿ ಹಾಕಿದ.

"ಪಾಲುದಾರಿಕೆ ಬೇಡವೇ ಬೇಡ ಅಂದ್ರಲ್ಲ, ತಮ್ಮನ ಮೇಲೆ ಅಷ್ಟು ಪ್ರೀತಿನಾ?" ಎಂದು ಆಡಿಟರ್ ಅಣ್ಣನನ್ನು ಕೆಣಕಿದರು.

"ಕಲಬೆರಕೆ ಸಿಕ್ಕಿಬಿದ್ರೆ ಪಾಲುದಾರರಿಬ್ರೂ ಜೈಲಿಗೆ ಅಂತ ನೀವೇ ಹೇಳಿದ್ರಲ್ಲ ಸಾರ್. ನಿನ್ನೆ ರಾತ್ರಿ ಗೋದಾಮಿನ ಮೇಲೆ ದಾಳಿ ಆಗಿದೆ, ಪತ್ರಕ್ಕೆ ಹೋದ ತಿಂಗಳ ತಾರೀಖು ಹಾಕಿಬಿಡಿ," ಎಂದು ಅಣ್ಣ ತಮ್ಮನ ಬೆನ್ನು ತಟ್ಟಿದ.

ಕೊಟ್ಟ ಮಾತು ಉಳಿಸಿಕೊಂಡಿದ್ದ.