ಹೋದ ಹೆಜ್ಜೆಗಳು

ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಹಾಲು ಉಕ್ಕಿತು. ಅವಳು ಒಲೆಯ ಮುಂದೆಯೇ ನಿಂತಿದ್ದಳು.

"ಎಲ್ಲಿದೆಯೇ ನಿನ್ನ ಗಮನ?" ಎಂದರು ಅತ್ತೆ. ಆಮೇಲೆ ತಾವೇ ಬಟ್ಟೆ ತಂದು ಒರೆಸಿದರು. "ಸ್ಟೇಷನ್ನಿಗೆ ಹೋಗಿ ಸಹಿ ಹಾಕಿ ಬಾ. ಯಾರು ಮಾಡಿದ್ದು ಅಂತ ಗೊತ್ತಾದ ಮೇಲೇನೇ ನನಗೆ ಒಂದು ತುತ್ತು ಒಳಗೆ ಇಳಿದದ್ದು. ಇಲ್ದಿದ್ರೆ ಏನೇನೋ ಯೋಚನೆ."

ಗಂಡ ಎಲೆಕ್ಟ್ರಿಷಿಯನ್. ಅರ್ಧ ಕಟ್ಟಿದ ಕಟ್ಟಡವೊಂದರ ತಾರಸಿಯಿಂದ ಬಿದ್ದು ಸತ್ತಿದ್ದ. ಬೆಳಗಾದರೂ ಮನೆಗೆ ಬಾರದವನನ್ನು ಹುಡುಕಿಕೊಂಡು ಹೋಗಿ ಮೊದಲು ಕಂಡವಳು ಅವಳೇ. ಅವನ ಕಾಲಲ್ಲಿ ಏನೂ ಇರಲಿಲ್ಲ. ಚಪ್ಪಲಿ ಕೆಳಗಿನ ಶೆಡ್ಡಿನಲ್ಲಿ ಸಿಕ್ಕಿತು. ಹಿಂದಿನ ದಿನ ಪೈಪಿನ ವಿಷಯಕ್ಕೆ ಗಾರೆ ಮೇಸ್ತ್ರಿಗೂ ಅವನಿಗೂ ಮಾತಿಗೆ ಮಾತು ಬೆಳೆದದ್ದನ್ನು ಕೆಲಸದವರೆಲ್ಲ ನೋಡಿದ್ದರು.

ಠಾಣೆಯ ಮೇಜಿನ ಮೇಲೆ ಪ್ಲಾಸ್ಟರಿನ ಬಿಳಿ ಅಚ್ಚು ಇತ್ತು. ಗಮ್‌ಬೂಟಿನದು. ಹಿಮ್ಮಡಿಯಲ್ಲಿ ಅಡ್ಡಕ್ಕೆ ಒಂದು ಸೀಳು.

"ಮೇಸ್ತ್ರಿದೇ ಬೂಟು. ಅವನೇ ಒಪ್ಕೊಂಡಿದಾನೆ," ಎಂದ ಇನ್‌ಸ್ಪೆಕ್ಟರ್. "ಎಲ್ಲಿ ಬಿಸಾಕಿದೆ ಅಂದ್ರೆ ಏನೋ ಕಥೆ ಕಟ್ತಾನೆ."

ಏನು ಕಥೆ ಎಂದು ಅವಳು ಕೇಳಲಿಲ್ಲ.

"ಸಂಜೆ ತಾರಸಿಗೆ ಕಾಂಕ್ರೀಟ್ ಹಾಕಿದ್ರು. ಹಸಿ ಇದ್ದಾಗ ಅದರ ಮೇಲೆ ನಡೆದಿರೋದು ಈ ಬೂಟು ಒಂದೇ. ನಿಮ್ಮ ಯಜಮಾನ್ರ ಹೆಜ್ಜೆ ಇಲ್ಲ. ಅಂದ್ರೆ ಹೊತ್ಕೊಂಡು ಹೋಗಿದಾನೆ. ಅಂಚಿನ ಹತ್ರ ಆಳವಾಗಿ ಇಳಿದಿದೆ ನೋಡಿ. ಭಾರ."

ಅಚ್ಚು ತೆಗೆದವನು ಮೂಲೆಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದ. "ಒಂದೇ ಕಡೆ ತುಂಬಾ ಹೊತ್ತು ನಿಂತ್ರೂ ಹೀಗೇ ಇಳಿಯುತ್ತೆ ಸರ್. ಮತ್ತೆ, ಹೋದ ಹೆಜ್ಜೆ ಇದೆ. ವಾಪಸ್ ಬಂದದ್ದಿಲ್ಲ."

"ಅಂಚಿನ ಕಟ್ಟೆ ಮೇಲೆ ನಡ್ಕೊಂಡು ಬಂದಿರ್ತಾನೆ. ನೀನು ಅಚ್ಚು ತೆಗಿಯಪ್ಪ, ಕಥೆ ನಾನು ಹೇಳ್ತೀನಿ."

"ಬೆಳಿಗ್ಗೆ ಹೊತ್ತಿಗೆ ಗಟ್ಟಿಯಾಗಿತ್ತು. ಆಮೇಲೆ ಯಾರು ಮೇಲೆ ಹೋಗಿದ್ರೂ ಗುರುತು ಸಿಗಲ್ಲ, ಅಷ್ಟೇ ನಾನು ಹೇಳೋದು."

"ತುಂಬಾ ಹೊತ್ತು ಅಂದ್ರೆ?" ಎಂದಳು ಅವಳು.

"ಸುಮಾರು ಹೊತ್ತಮ್ಮ. ಕಾಲು ಬದಲಾಯಿಸಿ ಬದಲಾಯಿಸಿ ನಿಂತ ಹಾಗಿದೆ."

ಇನ್‌ಸ್ಪೆಕ್ಟರ್ ಹೇಳಿಕೆಯನ್ನು ಅವಳ ಮುಂದೆ ಸರಿಸಿದ. ಮೇಸ್ತ್ರಿಗೆ ಗಂಡನ ಮೇಲೆ ಹಳೆಯ ದ್ವೇಷವಿತ್ತು ಎಂದಿತ್ತು. "ಇದೊಂದು ಸಹಿ ಬಿದ್ರೆ ಅವನು ಹೊರಗೆ ಬರೋದು ಮುದುಕನಾಗಿ."

"ಅಕ್ಕಾ, ನೀವಾದ್ರೂ ಹೇಳಿ," ಎಂದ ಮೇಸ್ತ್ರಿ. ಸರಳುಗಳ ಹಿಂದೆ ಬರಿಗಾಲಲ್ಲಿ ನಿಂತಿದ್ದ. ಅವನ ಹೆಂಡತಿ ಹೊರಗಿನ ಬೆಂಚಿನಲ್ಲಿದ್ದಳು, ಇವಳದೇ ವಯಸ್ಸು.

ಅವಳು ಪೆನ್ನು ಎತ್ತಿಕೊಂಡಳು. ಹಾಗೇ ಕೆಳಗಿಟ್ಟಳು.

"ಮನೆಗೆ ಹೋಗಿ ಬರ್ತೀನಿ."

"ಹೆದರಬೇಡಿ. ಪುರಾವೆ ಎಲ್ಲ ನಿಮ್ಮ ಕಡೆಗೇ ಇದೆ."

"ಗೊತ್ತು."

ಮನೆಯಲ್ಲಿ ಅತ್ತೆ ಕುಳಿತಲ್ಲೇ ನಿದ್ದೆ ಹೋಗಿದ್ದರು. ಎಬ್ಬಿಸಲು ಕೈ ಚಾಚಿದಳು. ಮುಖದಲ್ಲಿ ಅಷ್ಟು ನೆಮ್ಮದಿ ಕಂಡು ಕೈ ಹಿಂದಕ್ಕೆ ತೆಗೆದುಕೊಂಡಳು. ಸಂಜೆ ಹೇಳಲೇಬೇಕಿತ್ತು. ಸಂಜೆಯವರೆಗಾದರೂ ಮಲಗಲಿ. ಅಟ್ಟದಿಂದ ಚೀಲ ಇಳಿಸುವಾಗ ಸದ್ದಾಗದಂತೆ ನೋಡಿಕೊಂಡಳು.

ಠಾಣೆಯಲ್ಲಿ ಅವಳು ಇನ್‌ಸ್ಪೆಕ್ಟರನ ಮೇಜಿನ ಬಳಿ ನಿಲ್ಲಲಿಲ್ಲ. ನೇರ ಸರಳುಗಳ ಹತ್ತಿರ ಹೋಗಿ, ಬಗ್ಗಿ, ಗಮ್‌ಬೂಟುಗಳನ್ನು ಮೇಸ್ತ್ರಿಯ ಮುಂದೆ ಜೋಡಿಸಿ ಇಟ್ಟಳು.

"ಅವರು ನಿಮ್ಮಿಂದ ಕೇಳಿ ತಗೊಂಡಿದ್ದು," ಎಂದಳು. "ಬೆಳಿಗ್ಗೆ ನಾನು ಮೇಲೆ ಹೋದಾಗ ಕಟ್ಟೆ ಮೇಲೆ ಹೀಗೇ ಜೋಡಿಸಿ ಇಟ್ಟಿದ್ರು, ಅತ್ತೆಗೆ ಗೊತ್ತಾಗದೇ ಇರಲಿ ಅಂತ ಎತ್ಕೊಂಡು ಬಂದ್ಬಿಟ್ಟೆ."