ಗಜಾನನ ಲ್ಯಾಪ್‌ಟಾಪ್ ನೋಡಲು ಹೋದದ್ದು

ಅಂಗಡಿಯವರು ತಾವಾಗಿಯೇ ಚಹಾ ಕೊಟ್ಟರೆ ವ್ಯಾಪಾರದಲ್ಲಿ ಎಲ್ಲೋ ಮೋಸವಿದೆ ಎಂದು ಗಜಾನನ ನಂಬಿದ್ದ. ಗೋಕಾಕದ ಈ ಅಂಗಡಿಯಲ್ಲಿ ಚಹಾದ ಜೊತೆ ಚೂಡಾ, ಕರದಂಟು ಕೂಡ ಬಂದವು. ಅವನು ತಟ್ಟೆಯನ್ನು ಅನುಮಾನದಿಂದ ನೋಡಿದ. ಆಮೇಲೆ ಒಂದೊಂದಾಗಿ ಖಾಲಿ ಮಾಡತೊಡಗಿದ.

ಅವನು ಹುಕ್ಕೇರಿಯ ಖಾಸಗಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮಾಸ್ತರ. ಪ್ರಶ್ನೆಪತ್ರಿಕೆ, ಅಂಕಪಟ್ಟಿಗಳನ್ನೆಲ್ಲ ಇನ್ನು ಮುಂದೆ ಸ್ವಂತ ಲ್ಯಾಪ್‌ಟಾಪಿನಲ್ಲೇ ಮಾಡಬೇಕೆಂದು ಶಾಲೆಯಿಂದ ಅಪ್ಪಣೆಯಾಗಿತ್ತು. ಗಜಾನನ ಮೊಬೈಲಿನಲ್ಲಿ ವಾರವಿಡೀ ವಿಡಿಯೊ ನೋಡಿ ಪಂಡಿತನಾದ. ಹುಕ್ಕೇರಿಯ ಅಂಗಡಿಗಳಲ್ಲಿ ಇದ್ದ ಮಾಡೆಲ್‌ಗಳಿಗೆಲ್ಲ ಒಂದೊಂದು ಕೊರತೆ ಹೇಳಿ ಬಂದ. ಮದುವೆಗೆ ಹೆಣ್ಣು ನೋಡುವಾಗಲೂ ಅವನದು ಇದೇ ಪದ್ಧತಿ. ಮೂಡಲಗಿಯ ಹುಡುಗಿ ಗಿಡ್ಡ, ಅರಭಾವಿಯವಳು ಬಾಯಿಬಡುಕಿ. ಹೀಗಾಗಿ ಮನೆಗೆ ಇನ್ನೂ ಲ್ಯಾಪ್‌ಟಾಪೂ ಬಂದಿರಲಿಲ್ಲ, ಹೆಂಡತಿಯೂ ಬಂದಿರಲಿಲ್ಲ.

ಕೊನೆಗೆ ಬೆಲ್ಲದ ಬಾಗೇವಾಡಿಯ ದೊಡ್ಡವ್ವ ಸಾವಂತ್ರೆವ್ವ, “ಗೋಕಾಕದಾಗ ನಮ್ಮ ಗುರ್ತಿನ ಅಂಗಡಿ ಐತಿ, ನಡಿ” ಎಂದು ಎಬ್ಬಿಸಿಕೊಂಡು ಹೊರಟಳು. ಹೊರಡುವ ಮುನ್ನ ಅವನ ಅಂಗಿ ಬದಲಿಸಿ ಇಸ್ತ್ರಿಯ ನೀಲಿ ಅಂಗಿ ಹಾಕಿಸಿದಳು. ಟಿವಿ ರಿಮೋಟನ್ನೇ ತಲೆಕೆಳಗಾಗಿ ಹಿಡಿಯುವ ಇವಳಿಗೆ ಲ್ಯಾಪ್‌ಟಾಪಿನ ವಿಷಯ ಏನು ತಿಳಿದೀತು ಎಂದು ಅವನಿಗೆ ನಗು ಬಂದಿತ್ತು.

“ರಾಧಿಕಾ, ಸರ್‌ಗೆ ತೋರಸವಾ,” ಎಂದು ಮಾಲೀಕ ಸತ್ಯಪ್ಪ ಕೂಗಿದ. ಕೌಂಟರಿನ ಆಚೆಯಿಂದ ಒಬ್ಬಳು ಹುಡುಗಿ ಎದ್ದು ಬಂದಳು.

“ಎದಕ್ಕ ಬೇಕಾಗಿತ್ರಿ ಸರ್?”

“ಸಾಲಿ ಕೆಲಸಕ್ಕ. ಮನ್ಯಾಗೂ ದಿನಾ ಬಳಸಾಕ. ಅಗ್ಗದಾಗ ಆಗಬೇಕು, ಆದ್ರ ಎಲ್ಲಾ ಇರಬೇಕು.”

“ಎಲ್ಲಾ ಅಂದ್ರ?”

ಗಜಾನನ ತರಗತಿಯಲ್ಲಿ ನಿಂತವನಂತೆ ಬೆರಳು ಮಡಚಿದ. “ಹಗುರ ಇರಬೇಕು. ನೋಡಾಕ ಚಂದ ಇರಬೇಕು. ಬಿಸಿ ಆಗಬಾರದು, ಸಪ್ಪಳ ಮಾಡಬಾರದು. ಹೇಳಿದ ಕೂಡ್ಲೆ ಕೆಲಸ ಆಗಬೇಕು.”

ರಾಧಿಕಾ ಅವನ ಮುಖವನ್ನೇ ನೋಡಿದಳು. “ಮನ್ಯಾಗ ಬ್ಯಾರೆ ಯಾರರ ಬಳಸ್ತಾರೇನ್ರಿ?”

“ನನ್ನ ವಸ್ತು ಯಾರೂ ಮುಟ್ಟೂದಿಲ್ಲ.”

“ಮುಂದ ಮನ್ಯಾಗ ಮಂದಿ ಹೆಚ್ಚಾದ್ರ?”

“ಅವರಿಗ್ಯಾಕ ಇದು? ಅವರಿಗೆ ಮೊಬೈಲ್ ಸಾಕು.”

ಸತ್ಯಪ್ಪ ಚಹಾದ ಕಪ್ಪು ಕೆಳಗಿಟ್ಟ. ರಾಧಿಕಾ ಮಾತ್ರ ನಿಧಾನವಾಗಿಯೇ ಕೇಳಿದಳು. “ಒಂದೆರಡು ವರ್ಷಕ್ಕ ಸ್ಲೋ ಆದ್ರ ಏನ್ ಮಾಡ್ತೀರಿ? ರಿಪೇರಿ ಮಾಡಸ್ತೀರೋ, ಬದಲಸ್ತೀರೋ?”

“ರಿಪೇರಿಗೆ ಯಾರಿಗೆ ಪುರಸತ್ತೈತಿ? ಇದನ್ನ ಕೊಟ್ಟು ಹೊಸಾದು ತರೂದು.”

“ಸಿಟ್ಟು ಬಂದಾಗ ಕೀಬೋರ್ಡ್ ಮ್ಯಾಲೆ ಕೈ ಮಾಡೂ ಮಂದಿನೂ ಇರ್ತಾರ್ರಿ. ಅದಕ್ಕ ವಾರಂಟಿ ಬರೂದಿಲ್ಲ.”

ಗಜಾನನ ಗಹಗಹಿಸಿ ನಕ್ಕ. “ವಾರಂಟಿ ಯಾಕ ಬೇಕು? ಎರಡ ಏಟು ಕೊಟ್ರ ಎಂಥಾದೂ ಹಾದಿಗೆ ಬರತೈತಿ.”

ಸಾವಂತ್ರೆವ್ವನಿಗೆ ಚಹಾ ನೆತ್ತಿಗೇರಿ ಕೆಮ್ಮು ಹತ್ತಿತು. ಅಷ್ಟು ವಯಸ್ಸಾದವರು ಬಿಸಿ ಚಹಾವನ್ನು ಗಡಿಬಿಡಿಯಿಂದ ಕುಡಿಯಬಾರದು ಎಂದು ಗಜಾನನ ಅವಳಿಗೊಂದು ಪಾಠ ಹೇಳಿದ. ಅದೇ ಓಘದಲ್ಲಿ ರಾಧಿಕಾಳಿಗೆ ಪ್ರೊಸೆಸರ್ ಎಂದರೇನೆಂದು ವಿವರಿಸಿದ. ಪಾಠ ಮುಗಿಯುವವರೆಗೂ ಅವಳು ಆಕಳಿಸಲಿಲ್ಲ. ಅವನ ತರಗತಿಯಲ್ಲಿ ಅಷ್ಟು ಸೌಭಾಗ್ಯ ಅವನಿಗೆ ಎಂದೂ ಸಿಕ್ಕಿರಲಿಲ್ಲ. ಕೊನೆಯಲ್ಲಿ ಅವಳು ಸಣ್ಣಗೆ ನಕ್ಕಳು ಕೂಡ. ತನ್ನ ಜ್ಞಾನಕ್ಕೆ ಮರುಳಾಗಿದ್ದಾಳೆ ಎಂದುಕೊಂಡು ಅವನು ಕಾಲರ್ ಸರಿಮಾಡಿಕೊಂಡ.

ರಾಧಿಕಾ ಎರಡು ಲ್ಯಾಪ್‌ಟಾಪ್ ತೆಗೆದಿಟ್ಟಳು. ಒಂದು ಕಪ್ಪಗೆ, ಸ್ವಲ್ಪ ದಪ್ಪಗಿತ್ತು. “ಇದು ತೊಗೋರಿ ಸರ್. ಎಂಟು ಜಿಬಿ ರ‍್ಯಾಮ್ ಐತಿ, ಮುಂದ ಹೆಚ್ಚೂ ಮಾಡಾಕ ಬರತೈತಿ. ಕೆಟ್ರ ಇಲ್ಲೇ ರಿಪೇರಿ ಆಗತೈತಿ.”

ಗಜಾನನನ ಕಣ್ಣು ಆಗಲೇ ಬೆಳ್ಳಿ ಬಣ್ಣದ ತೆಳ್ಳನೆಯದರ ಮೇಲಿತ್ತು.

“ಅದರಾಗ ನಾಕs ಜಿಬಿ ಐತ್ರಿ. ಹೆಚ್ಚ ಮಾಡಾಕ ಬರೂದಿಲ್ಲ. ವರ್ಷದಾಗ ಕುಂತ ಬಿಡತೈತಿ.”

“ಚಂದ ಐತಲ್ಲ,” ಎಂದ ಗಜಾನನ. ವಾರದ ಪಾಂಡಿತ್ಯವೆಲ್ಲ ಆ ಎರಡು ಶಬ್ದಗಳಲ್ಲಿ ಮುಗಿಯಿತು.

ಬಿಲ್ ಆಗುವಷ್ಟರಲ್ಲಿ ರಾಧಿಕಾ ಪರದೆ ಸರಿಸಿ ಒಳಗೆ ಹೋದಳು. “ನೀರು ಕುಡದ ಬರ್ತೀನಿ,” ಎಂದು ಸಾವಂತ್ರೆವ್ವನೂ ಹಿಂದೆಯೇ ಹೋದಳು. ಒಂದು ಲೋಟ ನೀರಿಗೆ ಬಹಳ ಹೊತ್ತು ಹಿಡಿಯಿತು. ಉಳಿದಿದ್ದ ಕರದಂಟಿಗೆ ಗಜಾನನ ನ್ಯಾಯ ಒದಗಿಸಿದ. ದೊಡ್ಡವ್ವ ಹೊರಬಂದಾಗ ಅವಳ ಮುಖ ಇಳಿದಿತ್ತು. ಕೆಮ್ಮಿನಿಂದ ದಣಿದಿರಬೇಕು ಎಂದುಕೊಂಡ.

ಹುಕ್ಕೇರಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ದೊಡ್ಡವ್ವ ಹೊರಗೆ ನೋಡುತ್ತ ಕುಳಿತಳು. ಗಜಾನನನಿಗೆ ಲ್ಯಾಪ್‌ಟಾಪಿನ ಧ್ಯಾನವೇ ಇರಲಿಲ್ಲ. ಆ ಹುಡುಗಿಯ ಎತ್ತರ, ಮಾತು, ನಿಂತ ರೀತಿ ಎಲ್ಲವನ್ನೂ ಮನಸ್ಸಿನಲ್ಲಿ ತಿರುಗಿಸಿ ನೋಡಿದ. ಎಷ್ಟು ಹುಡುಕಿದರೂ ಒಂದು ಕೊರತೆ ಸಿಗಲಿಲ್ಲ. ಘಟಪ್ರಭಾ ದಾಟುವಷ್ಟರಲ್ಲಿ ಧೈರ್ಯ ಬಂತು.

“ದೊಡ್ಡವ್ವ, ಅಂಗಡ್ಯಾಗಿನ ಆ ಹುಡುಗಿ ನನಗ ಭಾಳ ಮನಸ್ಸಿಗೆ ಬಂದಾಳ. ಖರೆನs ಹೇಳ್ತೀನಿ, ಇನ್ನ ಯಾರನ್ನೂ ನೋಡೂದಿಲ್ಲ. ಅವರ ಮನ್ಯಾಗ ಒಂದ ಮಾತು ಕೇಳಿ ನೋಡು.”

ಸಾವಂತ್ರೆವ್ವ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

“ಹ್ವಾದ ತಿಂಗಳನs ಕೇಳೇನಿ, ಗಜು, ಆಕಿ ಸತ್ಯಪ್ಪನ ಮಗಳು, ‘ಗಂಡಿಗೆ ಗೊತ್ತಾಗದಂಗ ಮೊದಲ ನಾನs ಅವನ್ನ ನೋಡ್ತೀನಿ’ ಅಂದಿದ್ಲು, ಅದಕ್ಕs ನಿನ್ನ ಇವತ್ತ ತೋರಸಾಕ ಒಯ್ದಿದ್ದೆ, ನೋಡಿ ಒಲ್ಲೆ ಅಂದ್ಲು.”