ನಮಗೆ ಬೇರೆ ಶಾಖೆಗಳಿಲ್ಲ

ಕಂಪ್ಯೂಟರ್ ಕೋಡಿಂಗ್ ಕಲಿಸುವ ಪ್ರಜ್ವಲ ಪೈಥಾನ್ ಅಕಾಡೆಮಿಯಲ್ಲಿ ಪ್ರಶ್ನೆ ಕೇಳುವವಳೆಂದರೆ ವಸುಮತಿ ಒಬ್ಬಳೇ. ಅಂದೂ ಎದ್ದು ನಿಂತಳು.

“ಸಾರ್, ‘ತಿಂಡಿ’ ಅಂತ ಒಂದು ಲಿಸ್ಟ್ ಮಾಡ್ದೆ. ಅದ್ರಲ್ಲಿ ಇಡ್ಲಿ, ವಡೆ, ಉಪ್ಪಿಟ್ಟು ಹಾಕಿದ್ದೆ. ಆಮೇಲೆ ‘ಮೆನು = ತಿಂಡಿ’ ಅಂತ ಬರೆದು ಇನ್ನೊಂದು ಲಿಸ್ಟ್ ಮಾಡ್ಕೊಂಡೆ. ಮೆನುವಿಂದ ಉಪ್ಪಿಟ್ಟು ತೆಗೆದ್ರೆ ತಿಂಡಿಯಿಂದಾನೂ ಹೋಗ್ಬಿಡ್ತು. ಯಾಕೆ ಸಾರ್?”

“ಪೈಥಾನ್ ಇರೋದೇ ಹಂಗಮ್ಮ. ಸುಮ್ನೆ ಬರ್ಕೊಳ್ಳಿ, ಪರೀಕ್ಷೆಗೆ ಬರುತ್ತೆ.”

“ಯಾಕೆ ಅಂತ ಗೊತ್ತಾಗ್ದೇ ಬರ್ಕೊಂಡು ಏನ್ಮಾಡ್ಲಿ ಸಾರ್?”

“ಹಂಗಿದ್ರೆ ಹೇಳ್ಕೊಡೋರು ಎಲ್ಲಿದಾರೋ ಅಲ್ಲಿಗೇ ಹೋಗಿ!”

ವಸುಮತಿ ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟಳು. ಮರುದಿನ ಎದುರಿನ ಉಜ್ವಲ ಪೈಥಾನ್ ಅಕಾಡೆಮಿಗೆ ಸೇರಿದಳು. ಎರಡಕ್ಕೂ ಹಾವು ಮುಂಗುಸಿಯ ವೈರವೆಂದು ಊರಿಗೆಲ್ಲ ಗೊತ್ತಿತ್ತು. ಪ್ರಜ್ವಲದ ಬೋರ್ಡಿನಲ್ಲಿ ‘ನಕಲಿಗಳಿಗೆ ಮೋಸಹೋಗದಿರಿ’ ಎಂದಿದ್ದರೆ, ಉಜ್ವಲದ ಬೋರ್ಡಿನಲ್ಲಿ ‘ನಮಗೆ ಬೇರೆ ಶಾಖೆಗಳಿಲ್ಲ’ ಎಂದು ಕೆಂಪಕ್ಷರದಲ್ಲಿತ್ತು.

ಕೌಂಟರಿನಲ್ಲಿದ್ದ ಹೆಂಗಸು ಸಮಾಧಾನ ಹೇಳಿದಳು. “ಎದುರುಗಡೆಯಿಂದ ಬಂದ್ರಾ? ಅಲ್ಲಿ ಪಾಠ ಮಾಡೋರಿಗೇ ಏನೂ ಬರಲ್ಲ ಬಿಡಿ ಮೇಡಂ. ನಮ್ ಸಾರ್ ಹತ್ರ ಎಂಥ ಪ್ರಶ್ನೆ ಬೇಕಾದ್ರೂ ಕೇಳಿ.”

ವಸುಮತಿ ಮೊದಲ ಬೆಂಚಿನಲ್ಲೇ ಕೂತಳು. ಹೊಸ ನೋಟ್‌ಬುಕ್ಕಿನ ಮೊದಲ ಸಾಲಿನಲ್ಲಿ ಅದೇ ಹಳೆಯ ಪ್ರಶ್ನೆ ಬರೆದಳು. ಅಷ್ಟರಲ್ಲಿ ಬಾಗಿಲು ತೆರೆಯಿತು.

ಒಳಬಂದವರು ನಿನ್ನೆಯ ಸಾರೇ. ಅವಳನ್ನು ನೋಡಿ, ಮಾರ್ಕರಿನ ಮುಚ್ಚಳ ತೆಗೆಯುತ್ತ ಹೇಳಿದರು:

“ಹೆಸರು ಎರಡು, ಲಿಸ್ಟು ಒಂದೇ ಅಮ್ಮ. ಈಗ ಗೊತ್ತಾಯ್ತಾ?”